ಬಿಸಿನೀರಿಗೆ ಬಿದ್ದ ಫೋಟೋ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ಆ ಫೋಟೋದ ಕಥೆ ನನಗೆ ಮೊದಲು ಹೇಳಿದ್ದು ಸೋದರತ್ತೆ, ನನಗೆ ಆರು ವರ್ಷವಾಗಿದ್ದಾಗ, ತಲೆ ಬಾಚುತ್ತಾ. ಕ್ಯಾಮೆರಾದಿಂದ ಹಾಳೆ ಎಳೆದು, ಸಿಪ್ಪೆಯಂತೆ ಸುಲಿದು ಅಲ್ಲೇ ಚಿತ್ರ ಕೊಡುವವನೊಬ್ಬ ಬೀದಿಗೆ ಬಂದಿದ್ದನಂತೆ. ಅಪ್ಪ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತರಂತೆ. ನೀನು ಅವರ ಕಿವಿ ಹಿಡಿದುಕೊಂಡಿದ್ದೀಯ. ಬಲ ಅಂಚಿಗೆ ಅಮ್ಮನ ಮೊಣಕೈ ಮಾತ್ರ ಬಂದಿದೆ. ಆ ಮೊಣಕೈ ಆಚೆ, ಅಮ್ಮನ ಹೊಟ್ಟೆಯಲ್ಲಿ ನಾನು. ನಾನು ಹುಟ್ಟುವ ಹೊತ್ತಿಗೆ ಅಪ್ಪ ಇರಲಿಲ್ಲ. ನೆಗೆಟಿವ್ ಇಲ್ಲದ ಫೋಟೋ, ಜಗತ್ತಿಗೆಲ್ಲ ಅದೊಂದೇ.

ಕಳಿಸು ಅಂತ ನೀನು ಮೂರು ಸಲ ಬರೆದೆ. ಹುಡುಕುತ್ತಿದ್ದೇನೆ ಅಂತ ಮೂರು ಸಲವೂ ಸುಳ್ಳು ಹೇಳಿದೆ. ನಡೆದದ್ದನ್ನು ಇವತ್ತು ಬರೆಯುತ್ತೇನೆ, ಓದಿ ಮುಗಿಸುವ ತನಕ ಬೈಯಬೇಡ.

ನನ್ನ ಕೆಲಸ ಗೊತ್ತಲ್ಲ, ಗುರುತಿನ ಚೀಟಿಗೆ ಫೋಟೋ ತೆಗೆಯೋದು. ಕಿವಿ ಕಾಣಲಿ, ಗದ್ದ ಎತ್ತಿ, ನಗಬೇಡಿ. ಹತ್ತು ವರ್ಷದಿಂದ ಇದೇ ಮಾತು. ಹೊಸ ಯಂತ್ರ ಬಂದಾಗ ಮೇಲಿನವರು ಅದೇ ಥರ ಹಾಳೆ ಸುಲಿಯುವ ಹಳೇ ಕ್ಯಾಮೆರಾ, ಅವಧಿ ಮುಗಿದ ಫಿಲ್ಮು ಎಲ್ಲಾ ಎಸೆಯಲು ಹೇಳಿದರು. ಎಸೆಯುವ ಮುಂಚೆ ಒಂದು ತೆಗೆದೆ. ಎದುರಿಗಿದ್ದ ತಾತ ಸರಿಯಾಗಿ ಆಗಲೇ ಸೀನಿದ. ಮುಖವೆಲ್ಲ ಒಂದು ಕಡೆಗೆ ಓಡಿಹೋಗಿತ್ತು. ಹತ್ತು ವರ್ಷದಲ್ಲಿ ನಾನು ತೆಗೆದ ಮೊದಲ ಜೀವಂತ ಮುಖ ಅದು. ಕ್ಯಾಮೆರಾನ ಫಿಲ್ಮಿನ ಡಬ್ಬ ಸಮೇತ ಮನೆಗೆ ತಂದೆ.

ಆಮೇಲೆ ಕೈ ನಿಂತಲ್ಲಿ ನಿಲ್ಲಲಿಲ್ಲ. ಹಾಳೆಯನ್ನು ಬೇಗ ಸುಲಿದೆ, ತಡವಾಗಿ ಸುಲಿದೆ, ಫ್ರಿಜ್ಜಿನಲ್ಲಿಟ್ಟೆ, ಇಸ್ತ್ರಿಪೆಟ್ಟಿಗೆಯಿಂದ ಒತ್ತಿದೆ, ಚಮಚದ ಹಿಡಿಯಿಂದ ಉಜ್ಜಿದೆ. ಈ ಮನೇಲಿ ಊಟ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಬೇಯುತ್ತೆ ಅಂದಳು ಅಮ್ಮ. ನೀನೂ ಒಮ್ಮೆ ಫೋಟೋಗೆ ಕೂತ್ಕೋಮ್ಮ ಅಂದರೆ, ಬೇಯಿಸೋಕೆ ನಾನೇನು ಗೆಣಸಾ ಅಂತ ಎದ್ದು ಓಡುವಳು.

ಬಿಸಿನೀರಲ್ಲಿ ನೆನೆಸಿದರೆ ಚಿತ್ರ ಕಾಗದ ಬಿಟ್ಟು ಹಾಲಿನ ಕೆನೆಯಂತೆ ತೇಲುತ್ತದೆ, ಅಕ್ಕ. ಹಲಗೆಗೆ, ಗಾಜಿಗೆ, ಇನ್ನೊಂದು ಫೋಟೋದ ಮೇಲೆ, ಬೇಕಾದಲ್ಲಿ ಹಾಸಬಹುದು. ಹೋದ ತಿಂಗಳು ಹಾಗೆ ಮಾಡುತ್ತಿದ್ದಾಗ ಮೇಲಿನ ಕಪಾಟಿನಿಂದ ನಮ್ಮ ಫೋಟೋ ಜಾರಿ ಬೋಗುಣಿಗೆ ಬಿತ್ತು. ಎತ್ತುವಷ್ಟರಲ್ಲಿ ಬಿಟ್ಟುಕೊಂಡಿತ್ತು. ಅಪ್ಪ ಉಳಿದರು. ನಿನ್ನ ಮುಖ ಹರಿದುಹೋಯಿತು. ಕ್ಷಮಿಸು.

ನಿನ್ನ ತಂಗಿ

ತಾ.ಕ.: ನಿನ್ನೆ ಇಷ್ಟು ಬರೆದು ಅಮ್ಮನಿಗೆ ಓದಿ ಹೇಳಿದೆ. ಬಿತ್ತು ಅಂತ ಯಾಕೆ ಬರೆದೆ, ನೀನು ಬೆರಳದ್ದಿ ಬಿಸಿ ನೋಡಿದ್ದು ನನಗೆ ಕಾಣಲಿಲ್ವಾ ಅಂದಳು. ಹೌದು, ನಾನೇ ಮುಳುಗಿಸಿದ್ದು. ನನ್ನ ಫೋಟೋದ ಮೇಲೆ ಅದನ್ನು ಹಾಸಿ ಅಪ್ಪನ ಪಕ್ಕ ನಿಲ್ಲಬೇಕಿತ್ತು. ಅಪ್ಪನ ಮುಖ ಸುಕ್ಕಾಗತೊಡಗಿತು. ಬಿಡಿಸಲು ನಿನ್ನ ಕಡೆಯ ಅಂಚು ಹಿಡಿದು ಎಳೆದೆ. ಹರಿಯುತ್ತದೆ ಅಂತ ಗೊತ್ತಿತ್ತು.

ಇವತ್ತು ಬೆಳಿಗ್ಗೆ ಎದ್ದರೆ ಅಮ್ಮ ತಲೆ ಬಾಚಿ, ಕಿಟಕಿ ಹತ್ತಿರ ಕುರ್ಚಿ ಎಳೆದುಕೊಂಡು ಕೂತಿದ್ದಳು. ತೆಗಿ, ಅವಳಿಗೆ ಹರಿದದ್ದೊಂದನ್ನೇ ಕಳಿಸ್ತೀಯಾ ಅಂದಳು. ತೆಗೆದೆ. ಎರಡನ್ನೂ ಲಕೋಟೆಯೊಳಗೆ ಇಟ್ಟಿದ್ದೇನೆ. ಈ ಸಲ ಮೊಣಕೈ ಒಂದೇ ಅಲ್ಲ, ಅಮ್ಮ ಪೂರ್ತಿ ಬಂದಿದ್ದಾಳೆ. ಡಬ್ಬದಲ್ಲಿ ಇನ್ನೊಂದೇ ಹಾಳೆ ಇದೆ. ಅದು ನಿನಗೆ. ನನ್ನ ಕೈ ಸುಮ್ಮನಿರುವುದಿಲ್ಲ, ಬೇಗ ಬಾ.