ಏಳನೇ ಪಾಠದ ಹೋಂವರ್ಕ್

ಬುಧವಾರ, ಸಂಜೆ ಆರೂವರೆ

ಪ್ರೀತಿಯ ಇವಳೇ,

‘ಪ್ರೀತಿಯ’ ಎಂಬ ಪದ ನೋಡಿ ಗಾಬರಿಯಾಗಬೇಡ. ಕೈಬರಹ ನನ್ನದೇ. ಇಪ್ಪತ್ತಾರು ವರ್ಷ ನಿನ್ನನ್ನು ‘ಇವಳೇ’ ಎಂದೇ ಕರೆದವನು ಈಗ ಹೊಸದಾಗಿ ಹೆಸರು ಹಿಡಿದು ಕರೆದರೆ ಪತ್ರ ಬೇರೆ ಯಾರಿಗೋ ಬರೆದ ಹಾಗಾಗುತ್ತದೆ. ಅದಕ್ಕೇ ಹಳೆಯದನ್ನು ಹಾಗೇ ಇಟ್ಟು ಮುಂದೆ ಒಂದು ಪದ ಸೇರಿಸಿದೆ. ಈ ಒಂದು ಪದಕ್ಕೆ ಅರ್ಧ ಗಂಟೆ ಹಿಡಿಯಿತು.

ನಿನ್ನ ಪತ್ರ ಶುಕ್ರವಾರ ಕೈಸೇರಿತು. ತಂಗಿಯ ಮನೆಯಲ್ಲಿ ಎಷ್ಟು ದಿನ ಅಂತ ಇರುವುದು, ಕೆಲಸ ಸಿಕ್ಕ ಶಾಲೆಯ ಹಿಂದಿನ ರಸ್ತೆಯಲ್ಲಿ, ಕನ್ನಡಕದ ಅಂಗಡಿಯ ಮೇಲೆ ಒಂದು ಮನೆ ಖಾಲಿ ಇದೆ, ಶನಿವಾರ ಮಾಲೀಕರಿಗೆ ಹೂಂ ಅಥವಾ ಉಹೂಂ ಹೇಳಬೇಕು, ನಿಮಗೆ ಹೇಳುವುದೇನಾದರೂ ಇದ್ದರೆ ಅದಕ್ಕೆ ಮುಂಚೆ ಬರೆಯಿರಿ ಎಂದಿದ್ದೀಯ. ಹೂಂ ಎಂದರೆ ಮತ್ತೆ ಈ ಮನೆಗೆ ಬರುವುದಿಲ್ಲ ಎಂದೇ ತಿಳಿಯಿರಿ ಎಂದೂ ಕೊನೆಯಲ್ಲಿ ಇದೆ. ಓದಿದೆ. ಅರ್ಥವಾಯಿತು.

ಈ ಐದು ದಿನಗಳಲ್ಲಿ ಮೂರು ಉತ್ತರ ಬರೆದು ಹರಿದು ಹಾಕಿದ್ದೇನೆ. ಮೊದಲನೆಯದರಲ್ಲಿ ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಏನೇನು ನೋಡಬೇಕು ಎಂಬ ಉಪದೇಶವಿತ್ತು. ಎರಡನೆಯದು ನಿನ್ನ ಪತ್ರದಲ್ಲಿ ತಾರೀಖು ಇಲ್ಲ ಎಂದು ಶುರುವಾಗಿತ್ತು. ಮೂರನೆಯದು ಇಂಗ್ಲಿಷಿನಲ್ಲಿತ್ತು. ನಗಬೇಡ. ಅಥವಾ ನಗು, ಪರವಾಗಿಲ್ಲ.

ಇಂಗ್ಲಿಷಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಹೋದ ತಿಂಗಳ ಫೋನಿನ ಸಂಗತಿ ನಿನಗೆ ಕೊನೆಯವರೆಗೂ ಬಿಡಿಸಲಾಗದ ಒಗಟಾಗಿ ಉಳಿಯುತ್ತದೆ. ನಾನು ಫೋನ್ ಮಾಡಿ ‘ಐ ಅಪ್ರಿಶಿಯೇಟ್ ಯು’ ಎಂದೆ. ಕುಡಿದಿದ್ದೀರಾ ಎಂದು ನೀನು ಕೇಳಿ, ಇನ್ನು ಮೇಲೆ ಫೋನ್ ಮಾಡಬೇಡಿ ಎಂದು ಇಟ್ಟುಬಿಟ್ಟೆ. ಕುಡಿದಿರಲಿಲ್ಲ. ಅದು ಹೋಂವರ್ಕ್.

ಕಾರ್ಖಾನೆಯ ಕ್ಯಾಂಟೀನಿನಲ್ಲಿ ವಾರಕ್ಕೆರಡು ದಿನ ಇಂಗ್ಲಿಷ್ ಕ್ಲಾಸು ಇಟ್ಟಿದ್ದಾರೆ. ಹೊರದೇಶದಿಂದ ಶರ್ಟು ಕೊಳ್ಳುವವರು ಬಂದಾಗ ನಾವು ಬಾಯಿ ಬಿಡದೆ ನಿಲ್ಲುತ್ತೇವಂತೆ. ಟೀಚರ್ ನಮ್ಮೆಲ್ಲರಿಗಿಂತ ಚಿಕ್ಕವಳು, ಆದರೆ ಜೋರು. ಆರು ಪಾಠ ಚೆನ್ನಾಗೇ ಹೋಯಿತು: ದಾರಿ ಕೇಳುವುದು, ಗಂಟೆ ಹೇಳುವುದು, ಕ್ಷಮೆ ಕೇಳುವುದು. ಏಳನೆಯದು ಮೆಚ್ಚುಗೆ ಮತ್ತು ಪ್ರೀತಿಯ ಮಾತುಗಳು. ದಿನಕ್ಕೆ ಮೂರು ಜನರಿಗೆ ಒಳ್ಳೆಯ ಮಾತು ಹೇಳಿ ನೋಟುಬುಕ್ಕಿನಲ್ಲಿ ಬರೆದು ತರಬೇಕು. ಸುಮ್ಮನೆ ‘ನೈಸ್’ ಎಂದರೆ ನಡೆಯುವುದಿಲ್ಲ. ಏನು ಚೆನ್ನಾಗಿದೆ, ಎಲ್ಲಿ ಚೆನ್ನಾಗಿದೆ ಎಂದು ಹೇಳಬೇಕು. ನಾನು ಹಿಂದಿನ ಬೆಂಚಿನಲ್ಲಿ ಮುಖ ಸಿಂಡರಿಸಿಕೊಂಡು ಕೂತಿದ್ದು ನೋಡಿ ಆ ಹುಡುಗಿ, “ಸಾರ್, ನೀವು ಚೆಕ್ಕಿಂಗ್‌ನೋರಲ್ವಾ? ತಪ್ಪು ಎಲ್ಲಿದೆ ಅಂತ ಬೆರಳಿಟ್ಟು ತೋರಿಸ್ತೀರ. ಒಳ್ಳೇದು ಎಲ್ಲಿದೆ ಅಂತ ತೋರಿಸೋಕೂ ಅದೇ ಬೆರಳು ಸಾಕು” ಎಂದಳು. ಕ್ಯಾಂಟೀನಿಗೆ ಕ್ಯಾಂಟೀನೇ ನಕ್ಕಿತು.

ಮರುದಿನ ಗೇಟಿನ ಕಾವಲುಗಾರನ ಹತ್ತಿರ ಶುರುಮಾಡಿದೆ. ಅವನ ಮೀಸೆ ನಿನಗೆ ಗೊತ್ತಲ್ಲ. ಮೀಸೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿ ತಿಳಿದುಕೊಂಡು ಹೋಗಿ ಹೇಳಿದೆ. ಅವನು ಕೂಡಲೇ ಹಾಜರಿ ಪುಸ್ತಕ ಮುಚ್ಚಿ, “ಲೇಟಾಗಿದ್ರೆ ಲೇಟೇ ಸಾರ್, ನಾನೇನೂ ತಿದ್ದಕ್ಕಾಗಲ್ಲ” ಎಂದ. ನಾನು ಹತ್ತು ನಿಮಿಷ ಮುಂಚೆಯೇ ಬಂದಿದ್ದೆ.

ಆದರೂ ಒಂದು ವಾರದಲ್ಲಿ ನಾಲಿಗೆ ಸಡಿಲವಾಯಿತು. ಇಂಗ್ಲಿಷಿನಲ್ಲಿ ಹೇಳುವುದು ಸುಲಭ, ಇವಳೇ. ಮಾತು ನನ್ನದಲ್ಲ, ಪುಸ್ತಕದ್ದು. ಯಾರದೋ ಕೋಟು ಇಸಿದುಕೊಂಡು ಮದುವೆಗೆ ಹೋದ ಹಾಗೆ. ಚೆನ್ನಾಗಿ ಕಂಡರೆ ನಾನು, ಕಾಣದಿದ್ದರೆ ಕೋಟು. ಆ ಧೈರ್ಯದಲ್ಲೇ ನಿನಗೂ ಫೋನ್ ಮಾಡಿದ್ದು. ನೋಟುಬುಕ್ಕಿನಲ್ಲಿ ನಿನ್ನ ಉತ್ತರದ ಜಾಗ ಖಾಲಿ ಬಿಟ್ಟಿದ್ದೆ. ಟೀಚರ್ ಕೇಳಲಿಲ್ಲ.

ಇನ್ನು ಕಾಲರ್ ಅಕ್ಕನ ವಿಷಯ. ಆಕೆಯನ್ನು ನೀನು ಒಮ್ಮೆ ಬಸ್‌ಸ್ಟಾಪಿನಲ್ಲಿ ನೋಡಿದ್ದೀಯ, ಎತ್ತರದ ಹೆಂಗಸು. ಹತ್ತೊಂಬತ್ತು ವರ್ಷದಿಂದ ಕಾಲರ್ ಒಂದನ್ನೇ ಹೊಲಿಯುತ್ತಿದ್ದಾಳೆ. ಹೊಲಿದ ಶರ್ಟು ಕೊನೆಗೆ ನನ್ನ ಮೇಜಿಗೆ ಬರುತ್ತದೆ. ತಪ್ಪಿದ್ದರೆ ಆ ಜಾಗಕ್ಕೆ ಕೆಂಪು ಬಾಣದ ಸ್ಟಿಕ್ಕರ್ ಹಚ್ಚುತ್ತೇನೆ, ಶರ್ಟು ವಾಪಸ್ ಹೋಗುತ್ತದೆ. ತಪ್ಪಿಲ್ಲದಿದ್ದರೆ ಪಕ್ಕಕ್ಕಿಡುತ್ತೇನೆ. ಒಂದು ಮಾತೂ ಇಲ್ಲ. ನಮ್ಮಲ್ಲಿ ಅದೇ ಪದ್ಧತಿ, ಸುಮ್ಮನಿದ್ದರೆ ಪಾಸು. ಕಾಲರ್ ಅಕ್ಕನ ಶರ್ಟಿಗೆ ನಾನು ಸ್ಟಿಕ್ಕರ್ ಹಚ್ಚಿದ್ದು ನೆನಪೇ ಇಲ್ಲ. ಹಾಗಾಗಿ ಒಂದು ಸೋಮವಾರ ಆಕೆಯ ಮಷೀನಿನ ಹತ್ತಿರ ಹೋಗಿ, ನಿಂತು, ‘ಯುವರ್ ಕಾಲರ್ ಈಸ್ ಬ್ಯೂಟಿಫುಲ್. ಥ್ಯಾಂಕ್ ಯು ಫಾರ್ ಆಲ್ ಯುವರ್ ವರ್ಕ್’ ಎಂದೆ. ಒಂದೂ ತಪ್ಪಿಲ್ಲದೆ ಹೇಳಿದೆ. ಆಕೆಯ ಮುಖದಲ್ಲಿ ರಕ್ತವೇ ಇರಲಿಲ್ಲ.

ಮಂಗಳವಾರ ಬರಲಿಲ್ಲ. ಬುಧವಾರವೂ ಬರಲಿಲ್ಲ. ಸೂಪರ್‌ವೈಸರ್ ವಿಚಾರಿಸಿದಾಗ ಗೊತ್ತಾಯಿತು. ಹೋದ ವರ್ಷ ನಲವತ್ತು ಜನರನ್ನು ಕೆಲಸದಿಂದ ತೆಗೆದರಲ್ಲ, ಅವರ ಕೈಗೆ ಕೊಟ್ಟ ಕಾಗದದ ಕೊನೆಯ ಸಾಲು ಅದೇ ಅಂತೆ, ಇಷ್ಟು ದಿನದ ನಿಮ್ಮ ಕೆಲಸಕ್ಕೆ ಧನ್ಯವಾದ ಎಂದು. ಅದೂ ಇಂಗ್ಲಿಷಿನಲ್ಲಿ. ನಮ್ಮ ಕಾರ್ಖಾನೆಯಲ್ಲಿ ಬೈಗುಳ ಕನ್ನಡದಲ್ಲೇ ಬರುತ್ತದೆ. ಇಂಗ್ಲಿಷಿನಲ್ಲಿ ಸಿಹಿ ಮಾತು ಬಂತೆಂದರೆ ಮನೆಗೆ ನಡಿ ಎಂದೇ ಅರ್ಥ. ಕೆಲಸ ಹೋಯಿತು ಎಂದು ಆಕೆ ಎರಡು ದಿನ ಊಟ ಬಿಟ್ಟಿದ್ದಳು.

ಆ ಬುಧವಾರ ಸಂಜೆಯೇ ಆಕೆಯ ಮನೆ ಹುಡುಕಿಕೊಂಡು ಹೋದೆ. ಸೈಕಲ್ ರಿಪೇರಿ ಅಂಗಡಿಯ ಹಿಂದೆ ಎರಡು ಕೋಣೆ. ಬಾಗಿಲಲ್ಲೇ ನಿಂತಳು, ಒಳಗೆ ಬನ್ನಿ ಎನ್ನಲಿಲ್ಲ. ಇಂಗ್ಲಿಷ್ ಅಲ್ಲಿ ಉಪಯೋಗಕ್ಕೆ ಬರುವ ಹಾಗಿರಲಿಲ್ಲ. ಕನ್ನಡದಲ್ಲೇ ಹೇಳಬೇಕಾಯಿತು. ಬೆವರು ಕಿತ್ತುಕೊಂಡು ಬಂತು. “ಕೆಲಸ ಎಲ್ಲೂ ಹೋಗಿಲ್ಲಮ್ಮ. ನೀನು ಕಾಲರ್ ಚೆನ್ನಾಗಿ ಹೊಲೀತೀಯ, ಅಷ್ಟೇ ಹೇಳಕ್ಕೆ ಬಂದಿದ್ದೆ. ಎರಡು ತುದೀನೂ ಒಂದೇ ಸಮ ಬರುತ್ತೆ. ಹತ್ತೊಂಬತ್ತು ವರ್ಷದಿಂದ ನೋಡ್ತಾನೇ ಇದೀನಿ” ಎಂದೆ.

ಆಕೆಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಸಿಟ್ಟು ಬಂತು. “ನೋಡ್ತಿದ್ರಾ? ಹಂಗಾದ್ರೆ ಒಂದ್ಸಲ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ಸಾರ್ ನಿಮಗೆ?” ಎಂದಳು. ಸ್ಟಿಕ್ಕರ್ ಹಚ್ಚದಿದ್ದರೆ ಚೆನ್ನಾಗಿದೆ ಎಂದೇ ಅಲ್ಲವೇ ಎಂದು ನಾನು ನ್ಯಾಯ ಮಾತಾಡಿದೆ. “ಸ್ಟಿಕ್ಕರ್ ಇಲ್ದಿದ್ರೆ ಚೆನ್ನಾಗಿದೆ ಅಂತಾನೋ, ನೀವು ನೋಡೇ ಇಲ್ಲ ಅಂತಾನೋ, ನಮಗೆ ಹೆಂಗೆ ಗೊತ್ತಾಗ್ಬೇಕು?” ಎಂದಳು. ಆಮೇಲೆ ಒಳಗೆ ಕರೆದು ಟೀ ಕೊಟ್ಟಳು. ಗುರುವಾರ ಕೆಲಸಕ್ಕೆ ಬಂದಳು. ಇದೆಲ್ಲ ನಡೆದು ಹದಿನೈದು ದಿನವಾಯಿತು. ಆ ಪ್ರಶ್ನೆ ಮಾತ್ರ ದಿನಾ ನನ್ನ ಜೊತೆ ಬಸ್ಸು ಹತ್ತುತ್ತದೆ, ದಿನಾ ಜೊತೆಯಲ್ಲೇ ಇಳಿಯುತ್ತದೆ.

ಈಗ ನಿನ್ನ ಕೆಲಸದ ಕಾಗದದ ವಿಷಯ ಬರೆಯಬೇಕು. ಅದನ್ನು ಬಿಟ್ಟು ಬೇರೆಲ್ಲ ಬರೆದರೆ ಈ ಪತ್ರವೂ ಹರಿಯಲು ಲಾಯಕ್ಕು.

ಆ ದಿನ ನೀನು ಬ್ಯಾಗು ಕೂಡ ಕೆಳಗಿಡದೆ ನನ್ನ ಮುಂದೆ ಬಂದು ನಿಂತೆ. ಶಾಲೆಯ ಲೈಬ್ರರಿಯಲ್ಲಿ ಕೆಲಸ ಸಿಕ್ಕಿದೆ ಎಂಬ ಕಾಗದ ಕೊಟ್ಟೆ. ನಾನು ಎರಡು ಸಲ ಓದಿ, ಜೇಬಿನಿಂದ ಕೆಂಪು ಬಾಣ ತೆಗೆದು, ಕೆಳಗಡೆ ಹಚ್ಚಿ, ಇಲ್ಲಿ ಮೊಹರು ಬಿದ್ದಿಲ್ಲ ಎಂದೆ. ನೀನು ಕಾಗದ ಮಡಚಿ ಬ್ಯಾಗಿಗೆ ಹಾಕಿಕೊಂಡೆ. ನಾಲ್ಕನೇ ದಿನ ತಂಗಿಯ ಮನೆಗೆ ಹೊರಟುಹೋದೆ. ನಾನು ಎಲ್ಲರಿಗೂ ಹೇಳಿಕೊಂಡು ಬಂದದ್ದು ಕೈಗೆ ಅಂಟಿದ ಅಭ್ಯಾಸ, ಬೇಕೆಂದು ಮಾಡಿದ್ದಲ್ಲ ಎಂದು. ನಿನ್ನ ತಂಗಿಗೂ ಹಾಗೇ ಹೇಳಿದೆ.

ಅಭ್ಯಾಸ ಹೌದು. ಆದರೆ ಪೂರ್ತಿ ಅಭ್ಯಾಸವಲ್ಲ. ಕಾಗದ ಓದುವ ಮುಂಚೆ ನಿನ್ನ ಮುಖ ನೋಡಿದ್ದೆ. ಅಷ್ಟು ಸಂತೋಷ ಆ ಮುಖದಲ್ಲಿ ನಾನು ನೋಡಿ ಎಷ್ಟೋ ವರ್ಷವಾಗಿತ್ತು, ಅದರಲ್ಲಿ ನನ್ನದೇನೂ ಪಾಲಿರಲಿಲ್ಲ. ಹೆದರಿಕೆಯಾಯಿತು. ಇವಳಿಗೆ ಇನ್ನು ನಾನು ಯಾಕೆ ಬೇಕು ಎನಿಸಿತು. ಆ ಹೆದರಿಕೆಯಲ್ಲಿ ಕಾಗದದೊಳಗೆ ತಪ್ಪು ಹುಡುಕಿದೆ, ಸಿಕ್ಕಿತು. ಹುಡುಕಿದರೆ ಸಿಕ್ಕೇ ಸಿಗುತ್ತದೆ, ಇದು ನನ್ನ ಮೂವತ್ತು ವರ್ಷದ ಅನುಭವ. ನನ್ನಿಂದ ತಪ್ಪಾಯಿತು. ಈ ಮಾತನ್ನೂ ಆರನೇ ಪಾಠದಲ್ಲಿ ಇಂಗ್ಲಿಷಿನಲ್ಲಿ ಕಲಿತಿದ್ದೇನೆ, ಆದರೆ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಹೋಂವರ್ಕಿನ ನಿಯಮದ ಪ್ರಕಾರ ಎಲ್ಲಿ ಚೆನ್ನಾಗಿದೆ ಎಂದು ಬೆರಳಿಟ್ಟು ತೋರಿಸಬೇಕು. ತೋರಿಸುತ್ತೇನೆ. ಅಮ್ಮ ಹಾಸಿಗೆ ಹಿಡಿದ ಹದಿನಾಲ್ಕು ತಿಂಗಳು ನೀನು ದಿನಾ ಅವರಿಗೆ ಪೇಪರ್ ಓದಿ ಹೇಳುತ್ತಿದ್ದೆ. ಕೆಟ್ಟ ಸುದ್ದಿ ಬಂದರೆ ಹಾರಿಸಿ, ಆ ಜಾಗದಲ್ಲಿ ನೀನೇ ಏನಾದರೂ ಹೆಣೆದು ಸೇರಿಸುತ್ತಿದ್ದೆ. ನಾನು ಪಕ್ಕದ ಕೋಣೆಯಲ್ಲಿ ಕೇಳಿಸಿಕೊಂಡು, ಆಮೇಲೆ ಪೇಪರಿನಲ್ಲಿ ಹುಡುಕುತ್ತಿದ್ದೆ. ಬ್ಯಾಂಕಿನೊಳಗೆ ಮೇಕೆ ನುಗ್ಗಿ ಮ್ಯಾನೇಜರರ ಮೇಜಿನ ಮೇಲಿನ ಫಾರಂ ತಿಂದ ಸುದ್ದಿ ಯಾವ ಪುಟದಲ್ಲೂ ಇರಲಿಲ್ಲ. ಆವತ್ತು ಅಮ್ಮ ಕೆಮ್ಮು ಬರುವಷ್ಟು ನಕ್ಕಿದ್ದರು. ಅವರು ಹಾಗೆ ನಕ್ಕದ್ದು ಅದೇ ಕೊನೆ. ನಾನು ನಿನ್ನ ಹತ್ತಿರ ಬಂದು ಹೇಳಿದ್ದೇನು ಗೊತ್ತೇ? ವಯಸ್ಸಾದವರಿಗೆ ಇಲ್ಲದ ಸುದ್ದಿ ಓದಬೇಡ ಎಂದೆ. ಹೇಳಬೇಕಿದ್ದದ್ದು ಬೇರೆ. ನನ್ನ ಅಮ್ಮನನ್ನು ನನಗಿಂತ ಚೆನ್ನಾಗಿ ನೋಡಿಕೊಂಡೆ ನೀನು. ಆ ಮೇಕೆಯ ಸುದ್ದಿ ನೆನೆಸಿಕೊಂಡು ನಾನು ಮಷೀನುಗಳ ನಡುವೆ ಒಬ್ಬನೇ ನಕ್ಕಿದ್ದೇನೆ, ಒಂದು ಸಲ ಅತ್ತೂ ಇದ್ದೇನೆ.

ನೀನು ಯಾರ ಮನೆಗೆ ಹೋದರೂ ಮೊದಲು ಮಕ್ಕಳ ಹತ್ತಿರ ಕೂರುತ್ತೀಯ. ಮಕ್ಕಳಿಗೆ ಪುಸ್ತಕ ಕೊಡುವ ಕೆಲಸಕ್ಕೆ ಆ ಶಾಲೆಯವರಿಗೆ ನಿನಗಿಂತ ಸರಿಯಾದವರು ಸಿಗುತ್ತಿರಲಿಲ್ಲ. ಮೊಹರು ಇಲ್ಲದಿದ್ದರೂ ಅವರು ಸರಿಯಾಗಿಯೇ ಆರಿಸಿದ್ದಾರೆ. ನಲವತ್ತೊಂಬತ್ತನೇ ವಯಸ್ಸಿನಲ್ಲಿ ಸಂದರ್ಶನಕ್ಕೆ ಹೋಗಲು ಧೈರ್ಯ ಬೇಕು. ನನಗೆ ಆ ಧೈರ್ಯವಿಲ್ಲ. ನಿನ್ನ ಬಗ್ಗೆ ನನಗೆ ಹೆಮ್ಮೆಯಿದೆ.

ಇಪ್ಪತ್ತಾರು ವರ್ಷ ನೋಡುತ್ತಲೇ ಇದ್ದೆ, ಇವಳೇ. ನೋಡಲಿಲ್ಲ ಎಂದುಕೊಳ್ಳಬೇಡ. ಹೇಳಲಿಲ್ಲ. ಅದರ ಬೆಲೆ ನೀನು ತೆತ್ತೆ. ನೀನು ಇಲ್ಲದೆ ನನಗೆ ಏನೂ ಸೇರುತ್ತಿಲ್ಲ. ವಾಪಸ್ ಬಾ ಎಂದು ಕೇಳುತ್ತಿದ್ದೇನೆ. ಇದು ಬಲವಂತವಲ್ಲ. ನೀನು ಕೇಳಿದೆ, ಹೇಳುವುದೇನಾದರೂ ಇದೆಯೇ ಎಂದು. ಇದೆ, ಇದೇ.

ಈ ಪತ್ರವನ್ನು ತಿರುಗಿ ಓದುವುದಿಲ್ಲ. ಓದಿದರೆ ತಿದ್ದುತ್ತೇನೆ. ನಾಳೆ ಬೆಳಿಗ್ಗೆ ಅಂಚೆಗೆ ಹಾಕಿದರೆ ಶುಕ್ರವಾರ ನಿನ್ನ ಕೈಯಲ್ಲಿರುತ್ತದೆ. ಆರೋಗ್ಯ ನೋಡಿಕೋ. ತಂಗಿಗೆ ನಾನು ಹೇಳಿದ್ದು ಅರ್ಧ ಸತ್ಯ ಎಂದು ತಿಳಿಸು.

ನಿನ್ನ,
ನಿಮ್ಮನೆಯವರು

ತಾ.ಕ.: ನಿನ್ನೆ ಅರ್ಧ ದಿನ ರಜೆ ಹಾಕಿ ಕನ್ನಡಕದ ಅಂಗಡಿಯ ಮೇಲಿನ ಆ ಮನೆ ನೋಡಿ ಬಂದೆ. ತಪ್ಪು ಹುಡುಕಲೆಂದೇ ಹೋಗಿದ್ದೆ, ಸುಳ್ಳು ಹೇಳುವುದಿಲ್ಲ. ಒಂದು ತಪ್ಪಾದರೂ ಸಿಕ್ಕರೆ ಅದನ್ನು ಬರೆದು ನಿನ್ನನ್ನು ತಡೆಯಬಹುದು ಎಂದುಕೊಂಡಿದ್ದೆ. ಸ್ನಾನದ ಮನೆಯ ನಲ್ಲಿ ತೊಟ್ಟಿಕ್ಕುತ್ತದೆ, ಅಡುಗೆಮನೆಯ ಕಿಟಕಿಗೆ ಅಗುಳಿ ಇಲ್ಲ. ಎರಡನ್ನೂ ಮಾಲೀಕರಿಗೆ ಹೇಳಿ, ಶುಕ್ರವಾರದೊಳಗೆ ಸರಿಮಾಡಿಸುತ್ತೇನೆ ಎಂದು ಅವರ ಬಾಯಲ್ಲೇ ಹೇಳಿಸಿದ್ದೇನೆ. ಮನೆ ಚೆನ್ನಾಗಿದೆ. ಮುಂದಿನ ಕೋಣೆಗೆ ಸಂಜೆಯವರೆಗೂ ಬೆಳಕು ಬರುತ್ತದೆ, ನೀನು ದೀಪ ಹಾಕದೆ ಓದಬಹುದು. ನನ್ನ ಮಾತು ಕೇಳಿ ಬಿಟ್ಟುಬಿಡಬೇಡ, ನಿನಗೆ ಬೇಕೆನಿಸಿದರೆ ಹೂಂ ಎನ್ನು. ಮನೆಯಲ್ಲಿ ಎಷ್ಟು ಜನ ಇರುತ್ತೀರಿ ಎಂದು ಮಾಲೀಕರು ಕೇಳಿದರು. ಒಬ್ಬರೋ ಇಬ್ಬರೋ, ಅದನ್ನು ಆಕೆಯೇ ಶನಿವಾರ ಹೇಳುತ್ತಾಳೆ ಎಂದು ಹೇಳಿ ಬಂದಿದ್ದೇನೆ.