ಶನಿವಾರ ನಿಮ್ಮ ಮಡಿಲಿಗೆ ಬಿದ್ದವನು

ಸೂ ಫಾಲ್ಸ್, ಜುಲೈ 23

ಮಾನ್ಯ ಶ್ರೀಮತಿ ಹಾಲ್ವರ್ಸನ್ ಅವರಿಗೆ,

ಶನಿವಾರದ ಒಳಾಂಗಣ ಅಮೆರಿಕನ್ ಫುಟ್‌ಬಾಲ್ ಫೈನಲ್‌ನಲ್ಲಿ ಚೆಂಡು ಹಿಡಿದು, ಅಂಚಿನ ಗೋಡೆ ದಾಟಿ ನಿಮ್ಮ ಮಡಿಲಿಗೆ ಬಿದ್ದ ಹನ್ನೊಂದನೇ ನಂಬರಿನ ಆಟಗಾರ ನಾನೇ. ಆಗ ಎಂಟು ಸೆಕೆಂಡು ಉಳಿದಿತ್ತು, ನಾವು ಎರಡು ಅಂಕ ಹಿಂದಿದ್ದೆವು. ಗಾಬರಿಯಿಂದ ನಿಮ್ಮ ಮುಖ ನೋಡಿದೆ. "ಚೆಂಡು ಕೈಲೇ ಇದೆ ತಾನೇ? ನನ್ನೇನ್ ನೋಡ್ತೀಯಾ, ಏಳಪ್ಪಾ, ಹೋಗಿ ಆಡು!" ಎಂದು ಗದರಿದಿರಿ. ಎದ್ದು ಹೋದೆ. ನಮ್ಮವನು ಚೆಂಡನ್ನು ಕಂಬಗಳ ನಡುವೆ ಒದ್ದು ಮೂರು ಅಂಕ ತಂದ. ಒಂದೇ ಅಂಕದಿಂದ ಗೆದ್ದೆವು.

ನಿಮ್ಮ ಮಣಿಕಟ್ಟು ಮುರಿದದ್ದು ನನಗೆ ತಿಳಿದದ್ದು ಮರುದಿನ. ಆಟ ಮುಗಿಯುವವರೆಗೂ ನೀವು ಆಸ್ಪತ್ರೆಗೆ ಹೊರಡಲು ಒಪ್ಪಲಿಲ್ಲವಂತೆ. ನಿನ್ನೆ ಮನೆಗೆ ಬಂದಾಗ ನಿಮ್ಮ ಮಗ ಬಾಗಿಲಲ್ಲೇ ತಡೆದರು. "ಕೈ ಮುರಿದಿದ್ದು ಸಾಲ್ದೇನಯ್ಯಾ? ಇನ್ನೇನ್ ಮುರಿಯೋಕ್ ಬಂದೆ?" ಎಂದರು. ಅವರ ಸಿಟ್ಟು ನ್ಯಾಯವೇ. ನನ್ನ ತಾಯಿಗಾಗಿದ್ದರೆ ನಾನೂ ಹಾಗೇ ಕೇಳುತ್ತಿದ್ದೆ.

ಆದರೆ ನಿಮ್ಮ ಟೊಮೇಟೊ ಗಿಡಗಳು ಬಿಸಿಲಿಗೆ ಬಾಡಿದ್ದನ್ನು ಕಂಡೆ. ನಿಮ್ಮ ಮಗ ನಾಳೆ ತಮ್ಮೂರು ಒಮಾಹಾಗೆ ಹೊರಡುತ್ತಾರೆಂದು ಪಕ್ಕದ ಮನೆಯವರು ಹೇಳಿದರು. ಹಾಗಾಗಿ ಶುಕ್ರವಾರದಿಂದ, ನಿಮ್ಮ ಕೈಯ ಪಟ್ಟಿ ಬಿಚ್ಚುವವರೆಗೆ, ದಿನವೂ ಬೆಳಿಗ್ಗೆ ಆರಕ್ಕೆ ಬಂದು ನೀರು ಹಾಕುತ್ತೇನೆ, ಹುಲ್ಲು ಕತ್ತರಿಸುತ್ತೇನೆ. ನೀರಿನ ಪೈಪು ಮಾತ್ರ ಹೊರಗಿಡಿ.

ಬೇಡವಾದರೆ ನೀವೇ ಬಾಗಿಲಿಗೆ ಬಂದು ಹೇಳಬೇಕು. ಬೇರೆ ಯಾರು ಹೇಳಿದರೂ ನಾನು ಹಿಂದಿರುಗುವವನಲ್ಲ.

ನಿಮಗೆ ನೋವು ಕೊಟ್ಟ,
ಕಾರ್ನೆಲ್ ಪ್ರೂಯಿಟ್