ಬೊಟ್ಟುವಿನ ಗಾಬರಿ

ಕೂಳೂರು, ಮಂಗಳೂರು
ಫೆಬ್ರವರಿ 18, 2025

ಪ್ರೀತಿಯ ಕ್ರಿಸ್ಟಿನ್,

ಈಗ ಎಲ್ಲರೂ ನಿನ್ನನ್ನು ಸಿಸ್ಟರ್ ಎನ್ನುತ್ತಾರೆ, ಕಾನ್ವೆಂಟಿನವರು ಬೇರೆ ಹೆಸರನ್ನೂ ಇಟ್ಟಿದ್ದಾರೆ. ಲಕೋಟೆಯ ಮೇಲೆ ಅದನ್ನೇ ಬರೆದಿದ್ದೇನೆ, ಹೆದರಬೇಡ. ಒಳಗಿನ ಕಾಗದದಲ್ಲಿ ಮಾತ್ರ ನೀನು ನನ್ನ ಜೊತೆ ಒಂದೇ ಬೆಂಚಿನಲ್ಲಿ ಕುಳಿತು ನೆಲ್ಲಿಕಾಯಿ ತಿಂದ ಕ್ರಿಸ್ಟಿನ್.

ನೀನು ದೀಪಾವಳಿಯ ಹೊತ್ತಿಗೆ ಬರೆದ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ನಾಚಿಕೆಯಾಗುತ್ತದೆ. ಕ್ರಿಸ್ಮಸ್ಸಿಗೆ ಮುಂಚಿನ ವಾರಗಳಲ್ಲಿ ಕಾನ್ವೆಂಟಿನಲ್ಲಿ ನಿಮಗೆ ಪತ್ರ ಕೊಡುವುದಿಲ್ಲ ಎಂದು ಮೊದಲು ಸುಮ್ಮನಿದ್ದೆ. ಆಮೇಲೆ ಬರೆಯದೆ ಇದ್ದದ್ದಕ್ಕೆ ಕಾರಣ ಒಂದು ಕೋಣ. ನಿಮ್ಮ ಉಪವಾಸದ ದಿನಗಳು ಶುರುವಾದರೆ ಮತ್ತೆ ಬಾಗಿಲು ಮುಚ್ಚುತ್ತದಲ್ಲ, ಅದರೊಳಗೆ ಇದು ನಿನಗೆ ಸಿಗಲಿ ಎಂದು ಇವತ್ತು ಅಡುಗೆಯನ್ನೂ ಬಿಟ್ಟು ಕುಳಿತಿದ್ದೇನೆ.

ನಾವೆಲ್ಲ ಆರೋಗ್ಯದಲ್ಲಿದ್ದೇವೆ. ಅನುಷ್ಕಾ ಸುರತ್ಕಲ್ಲಿಗೆ ಕಾಲೇಜಿಗೆ ಹೋಗುತ್ತಾಳೆ, ನನಗಿಂತ ಉದ್ದವಾಗಿದ್ದಾಳೆ, ನನಗೇ ಬುದ್ಧಿ ಹೇಳುತ್ತಾಳೆ. ಇವರ ಬ್ಯಾಟರಿ ಅಂಗಡಿ ಹಂಪನಕಟ್ಟೆಯಲ್ಲಿ ಹೇಗಿತ್ತೋ ಹಾಗೇ ಇದೆ. ಅಂಗಡಿಯಲ್ಲಿ ಕುಳಿತರೂ ಇವರ ತಲೆ ಕೋಣ ಕಟ್ಟುವ ಹಟ್ಟಿಯಲ್ಲಿರುತ್ತದೆ. ಮದುವೆಯಾಗುವಾಗ ನನಗೆ ಯಾರೂ ಹೇಳಿರಲಿಲ್ಲ, ಜಯ ಎಂಬ ಗಂಡಿನ ಜೊತೆಗೆ ಕಂಬಳದ ಕೋಣಗಳೂ ಬರುತ್ತವೆ ಎಂದು.

ನಮ್ಮ ಹಳೆಯ ಕೋಣ ಕಾಳನ ಜೋಡಿಗೆ ಕಳೆದ ವರ್ಷ ಕಾಲುಳುಕಿ ಓಟ ನಿಂತಿತು. ಒಂಟಿ ಕೋಣವನ್ನು ಓಡಿಸಲಾಗುವುದಿಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ಇವರು ಕಾರ್ಕಳದ ಕಡೆಯಿಂದ ಎಳೆಯ ಕೋಣವೊಂದನ್ನು ತಂದರು. ಉದ್ದ ಕಾಲು, ಅಗಲ ಎದೆ, ಹಣೆಯಲ್ಲಿ ನಾಣ್ಯದಷ್ಟು ಬಿಳಿ ಮಚ್ಚೆ. ಬೊಟ್ಟು ಎಂದೇ ಹೆಸರಾಯಿತು. ನಮ್ಮ ಕೋಣಗಳನ್ನು ಓಡಿಸುವ ದೀಪೇಶ್ ಅವನ ಸುತ್ತ ಒಂದು ಸುತ್ತು ಬಂದು, "ಇವ ಓಡ್ತಾನೆ ಜಯಣ್ಣ. ಆದರೆ ಕಣ್ಣು ನೋಡಿ, ತುಂಬ ಹೆದರಿಕೆ ಉಂಟು" ಎಂದ. ಇವರ ಕಿವಿಗೆ ಮೊದಲಿನ ಮಾತು ಮಾತ್ರ ಬಿತ್ತು.

ಹೆದರಿಕೆ ಎಂದರೆ ಎಂಥದ್ದು ಗೊತ್ತಾ? ಕುಕ್ಕರ್ ಕೂಗಿದರೆ ಹೆದರಿಕೆ. ಹೆದ್ದಾರಿಯಲ್ಲಿ ಟ್ಯಾಂಕರ್ ಹಾರ್ನ್ ಹಾಕಿದರೆ ಹೆದರಿಕೆ, ಹಾಕದಿದ್ದರೆ ಈಗ ಹಾಕುತ್ತದೆ ಎಂದು ಹೆದರಿಕೆ. ಗೇಟಿನ ಎದುರು ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಗಾಳಿಗೆ ಪಟಪಟ ಎಂದರೆ ಹಗ್ಗ ಜಗ್ಗಿ ಮೂಗಿನಲ್ಲಿ ರಕ್ತ ಬರಿಸಿಕೊಳ್ಳುತ್ತಿದ್ದ. ಕೆರೆಗೆ ಈಜಿಸಲು ಇಳಿಸಿದರೆ ನೀರಿನಲ್ಲಿ ತನ್ನದೇ ನೆರಳು ಕಂಡು ಮೇಲೆ ಓಡಿಬರುತ್ತಿದ್ದ. ಬೇಯಿಸಿದ ಹುರುಳಿ ಇಟ್ಟರೆ ಮೂಸಿ ಹಿಂದೆ ಸರಿಯುವುದು. ಒಂದು ಕೊಪ್ಪರಿಗೆ ಹುರುಳಿ ಬೇಯಿಸುವುದು ಯಾರು? ನಾನು. ತಿನ್ನದೆ ಬಿಟ್ಟದ್ದನ್ನು ಎತ್ತಿ ತೊಳೆಯುವುದು ಯಾರು? ಅದೂ ನಾನು.

ಪಶುವೈದ್ಯ ಅಫ್ರೋಝ್ ಡಾಕ್ಟರು ಬಂದು ಮುಟ್ಟಿ ನೋಡಿ, ಮೈಯಲ್ಲಿ ಎಂತ ತೊಂದರೆಯೂ ಇಲ್ಲ, ಜಾಗ ಹೊಸತು, ಸಮಯ ಕೊಡಿ ಎಂದರು. ಇವರಿಗೆ ಸಮಯ ಕೊಡುವುದೊಂದು ಬಿಟ್ಟು ಉಳಿದದ್ದೆಲ್ಲ ಕೊಡಲು ಗೊತ್ತು. ಯಾರೋ ಮಂತ್ರಿಸಿದ ನೂಲು ಕೊಟ್ಟರು, ಕಟ್ಟಿದರು. ಬೊಟ್ಟು ಅದನ್ನು ತಿಂದ. ಮೊಬೈಲಿನಲ್ಲಿ ನೋಡಿ ಹಟ್ಟಿಯಲ್ಲಿ ಸ್ಪೀಕರ್ ತೂಗುಹಾಕಿ ಕೊಳಲಿನ ಸಂಗೀತ ಹಾಕಿದರು. ನಡುನಡುವೆ ಜಾಹೀರಾತು ಬಂದು ಗಂಡಸೊಬ್ಬ ಸಾಲ ಬೇಕೇ ಎಂದು ಕಿರುಚುವಾಗ ಕೋಣದ ಜೊತೆ ನಾನೂ ಬೆಚ್ಚುತ್ತಿದ್ದೆ. ಆಮೇಲೆ ಎರಡು ಫ್ಯಾನ್ ಬಂತು. ನನ್ನ ಅಡುಗೆಮನೆಗೆ ಒಂದು ಫ್ಯಾನ್ ಹಾಕಿಸಿ ಎಂದು ಎಷ್ಟು ಸಲ ಕೇಳಿದ್ದೆನೋ. ಅನುಷ್ಕಾಳನ್ನು ಕೇಳಿದರೆ, "ಅಮ್ಮ, ಅದು ಆಂಕ್ಸೈಟಿ. ಅದರ ಹತ್ರ ಸಾಫ್ಟ್ ಆಗಿ ಮಾತಾಡ್ಬೇಕು" ಎಂದು ಹೇಳಿ ಬಸ್ಸಿಗೆ ಓಡಿದಳು. ಸಾಫ್ಟ್ ಆಗಿ ಮಾತಾಡಲು ಈ ಮನೆಯಲ್ಲಿ ಪುರುಸೊತ್ತಿರುವುದು ಯಾರಿಗೆ ಎಂದು ಅವಳು ಹೇಳಲಿಲ್ಲ.

ಮಳೆ ಸ್ವಲ್ಪ ಬಿಟ್ಟ ಒಂದು ಬೆಳಿಗ್ಗೆ ನಾನು ಸಾಂಬಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಕುಕ್ಕರ್ ಕೂಗಿತು, ಹಟ್ಟಿಯಲ್ಲಿ ಗೂಟ ಕಿತ್ತ ಸದ್ದಾಯಿತು. ಹೊರಗೆ ಬಂದು ನೋಡುವಾಗ ಬೊಟ್ಟು ಗೇಟು ದಾಟಿ ಹೆದ್ದಾರಿ ಪಕ್ಕದ ಸರ್ವಿಸ್ ರೋಡಿನ ನಡುಮಧ್ಯ ನಿಂತಿದ್ದಾನೆ. ಎದುರಿಗೆ ಸಿಟಿ ಬಸ್ಸು, ಅದರ ಹಿಂದೆ ರಿಕ್ಷಾಗಳ ಸಾಲು, ಎಲ್ಲರೂ ಹಾರ್ನ್ ಹಾಕುವವರೇ. ಅವನು ಮೈಯೆಲ್ಲ ನಡುಗುತ್ತ, ಆಚೆಗೂ ಹೋಗದೆ ಈಚೆಗೂ ಬರದೆ ಕಣ್ಣು ಬಿಳಿ ಮಾಡಿ ನಿಂತಿದ್ದ. ಇನ್ನೊಂದು ಹೆಜ್ಜೆ ಹಾಕಿದರೆ ಹೆದ್ದಾರಿ.

ಇವರು ಅಂಗಡಿಗೆ ಹೋಗಿಯಾಗಿತ್ತು. ನನ್ನ ಕೈಯಲ್ಲಿ ಸೌಟು ಹಾಗೇ ಇತ್ತು. ನನಗೆ ಭಯಕ್ಕಿಂತ ಸಿಟ್ಟೇ ಹೆಚ್ಚು ಬಂತು. ಸೀದಾ ಹೋಗಿ ಅವನ ಮುಖದ ಎದುರು ನಿಂತು ಬೈಯಲು ಶುರುಮಾಡಿದೆ. ತುಳುವಿನಲ್ಲಿ ಬೈದದ್ದನ್ನು ಕನ್ನಡದಲ್ಲಿ ಬರೆದರೆ ಅರ್ಧ ಖಾರ ಹೋಗುತ್ತದೆ, ಆದರೂ ಕೇಳು. "ಎಂತ ನಿನ್ನ ಅವತಾರ? ಊರಿಗೆಲ್ಲ ತಮಾಷೆ ತೋರಿಸ್ಲಿಕ್ಕೆ ಬಂದದ್ದಾ? ನಿನಗೊಬ್ಬನಿಗೇನಾ ಹೆದರಿಕೆ ಇರುವುದು? ನನಗಿಲ್ವಾ? ಬೆಳಿಗ್ಗೆ ಎದ್ದು ನಿನ್ನ ಸೆಗಣಿ, ನಿನ್ನ ಹುರುಳಿ, ನಿನ್ನ ಎಣ್ಣೆ. ನನಗೆ ಒಂದು ಲೋಟ ಚಾ ಕುಡಿಲಿಕ್ಕೆ ಬಿಟ್ಟಿದ್ದೀಯಾ? ನಡಿ ಮನೆಗೆ." ಇವರಿಗೆ ಹೇಳಲು ಇಟ್ಟುಕೊಂಡಿದ್ದದ್ದನ್ನೂ ಸೇರಿಸಿಯೇ ಹೇಳಿಬಿಟ್ಟೆ. ಬಸ್ಸಿನ ಡ್ರೈವರ್ ಹಾರ್ನಿನಿಂದ ಕೈ ತೆಗೆದ.

ಬೊಟ್ಟುವಿನ ಕಿವಿ ನನ್ನ ಕಡೆ ತಿರುಗಿತು. ಉಸಿರು ನಿಧಾನವಾಯಿತು. ನಾನು ಬೈಯುತ್ತಲೇ ಹಿಂತಿರುಗಿ ನಡೆದೆ, ಹಗ್ಗವನ್ನೂ ಹಿಡಿಯಲಿಲ್ಲ. ಅವನು ನನ್ನ ಸೆರಗಿಗೆ ಮೂಗು ತಾಗಿಸಿಕೊಂಡು ಹಿಂದೆಯೇ ಬಂದ.

ಅವತ್ತಿನಿಂದ ನನಗೆ ಇದೇ ಕೆಲಸವಾಯಿತು. ಹುರುಳಿ ಇಟ್ಟು ಪಕ್ಕದಲ್ಲಿ ನಿಂತು ಬೈಯಬೇಕು, ಆಗ ತಿನ್ನುತ್ತಾನೆ. ಕೆರೆಯ ದಂಡೆಯಲ್ಲಿ ನಿಂತು ಬೈಯಬೇಕು, ಆಗ ಈಜುತ್ತಾನೆ. ಎಣ್ಣೆ ತಿಕ್ಕುವಾಗ ಬೈಗುಳಕ್ಕೆ ವಿಷಯ ಮುಗಿದರೆ ಮೀನಿನ ರೇಟು, ಅತ್ತಿಗೆಯ ಗತ್ತು, ಕರೆಂಟ್ ಹೋದದ್ದು ಎಲ್ಲವನ್ನೂ ಅವನಿಗೇ ಹೇಳುತ್ತಿದ್ದೆ. ಈ ಕೋಣ ಒಮ್ಮೆ ಈ ಮನೆಯಿಂದ ತೊಲಗಿದರೆ ಸಾಕು ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ಅದನ್ನೂ ಅವನು ಕಣ್ಣು ಅರೆಮುಚ್ಚಿ ಕೇಳುತ್ತಿದ್ದ. ನಿಜ ಹೇಳುತ್ತೇನೆ ಕ್ರಿಸ್ಟಿನ್, ಮನೆಯಲ್ಲಿ ನನ್ನ ಮಾತನ್ನು ಕೊನೆಯವರೆಗೆ ಕೇಳಿಸಿಕೊಂಡವನು ಅವನೊಬ್ಬನೇ.

ಮಳೆ ನಿಂತ ಮೇಲೆ ಕಾಳನ ಜೊತೆ ನೊಗ ಕಟ್ಟಿ ಕರೆಗೆ ಇಳಿಸಿದರು. ಕರೆ ಎಂದರೆ ನೆನಪಿದೆಯಲ್ಲ, ಕೋಣಗಳನ್ನು ಓಡಿಸುವ ಆ ಉದ್ದದ ಕೆಸರು ಗದ್ದೆ. ಮೊದಲ ದಿನ ಬೊಟ್ಟು ದೀಪೇಶನನ್ನು ಕೆಸರಿನಲ್ಲಿ ಎಳೆದುಕೊಂಡು ಅಡ್ಡ ಓಡಿದ. ಇವರಿಗೆ ಪರಿಚಯದ ಹಿರಿಯರೊಬ್ಬರು, ನಾಲ್ಕು ಸರಿಯಾಗಿ ಬಿಟ್ಟರೆ ತಾನಾಗಿ ಓಡ್ತದೆ ಎಂದರು. ದೀಪೇಶ್ ಕೆಸರು ಉಗುಳಿ, "ಹೊಡೆದರೆ ಇವತ್ತು ಓಡ್ತದೆ, ನಾಳೆ ಕರೆ ನೋಡಿದ ಕೂಡ್ಲೆ ಕಾಲು ಮಡಚಿ ಕೂತ್ಕೊಳ್ತದೆ. ಹೇಮಕ್ಕನನ್ನು ಕರೀರಿ" ಎಂದ. ಹಾಗೆ ನಾನು ಬೆಳಿಗ್ಗೆ ತಿಂಡಿ ಮುಗಿಸಿ ಕರೆಯ ಬದಿಯಲ್ಲಿ ನಿಂತು ಬೈಯುವವಳಾದೆ. ಮೊದಲು ಓಡುವ ಜಾಗದ ಉದ್ದಕ್ಕೂ ನಡೆದುಕೊಂಡು ಬೈಯಬೇಕಿತ್ತು. ನಂತರ ಹೊರಡುವ ತುದಿಯಲ್ಲಿ ಎರಡು ಮಾತು ಹೇಳಿದರೆ ಸಾಕಾಯಿತು.

ಜನವರಿಯಲ್ಲಿ ಮೊದಲ ಕಂಬಳ. ಅಲ್ಲಿಗೂ ನಾನು ಬರಬೇಕು ಎಂದಾಗ ಇವರ ಮುಖ ಹುಳ್ಳಗಾಯಿತು. "ಕೋಣ ಬಿಡುವಲ್ಲಿ ಹೆಂಗಸರಿಗೆ ಎಂತ ಕೆಲಸ? ಜನ ಎಂತ ಹೇಳ್ತಾರೆ?"

"ಹೇಮಕ್ಕ ಬರದಿದ್ರೆ ನಾನು ಹಗ್ಗ ಮುಟ್ಟುವುದಿಲ್ಲ ಜಯಣ್ಣ" ಎಂದ ದೀಪೇಶ್. "ನನಗೆ ಇರುವುದು ಎರಡೇ ಕಾಲು."

ಹೋದೆ. ಧ್ವನಿವರ್ಧಕ, ಬ್ಯಾಂಡು, ಕೊಂಬು, ಮೇಲೆ ಜೇನಿನ ಹಾಗೆ ಗುಂಯ್ಗುಡುವ ಡ್ರೋನು. ನನಗೇ ಓಡಿಹೋಗೋಣ ಅನ್ನಿಸಿತು. ಬೊಟ್ಟು ನಡುಗಿ ಹಿಂದೆ ಹಿಂದೆ ಸರಿಯುತ್ತಿದ್ದ. ನಾನು ಅವನ ಕಿವಿಯ ಹತ್ತಿರ ಹೋಗಿ, ಯಾವಾಗಲೂ ಹೇಳುವುದನ್ನೇ ಹೇಳಿದೆ. ಸುತ್ತ ಇದ್ದವರು ನಕ್ಕರು, ಕೆಲವರು ವಿಡಿಯೋ ಮಾಡಿದರು. ಇವರು ದೂರ ಹೋಗಿ, ನಾನು ಯಾರೋ ಬೇರೆಯವರ ಹೆಂಡತಿ ಎಂಬಂತೆ ನಿಂತರು. ಬೊಟ್ಟು ಮಾತ್ರ ನನ್ನ ಭುಜದ ಮೇಲೆ ಒಂದು ದೊಡ್ಡ ಉಸಿರು ಬಿಟ್ಟು, ಕಾಳನ ಪಕ್ಕ ನೇರ ನಿಂತ. ಬಿಟ್ಟ ಕೂಡಲೇ ಓಡಿದ ನೋಡು. ನೀರು ಎರಡು ಕಡೆಯೂ ಗೋಡೆಯ ಹಾಗೆ ಎದ್ದಿತು. ನನಗೆ ಕಂಡದ್ದು ಅಷ್ಟೇ, ಕಣ್ಣಿಗೆ ಕೆಸರು ಬಿದ್ದಿತ್ತು. ಅಥವಾ ಕೆಸರು ಎಂದು ನಾನು ಎಲ್ಲರಿಗೂ ಹೇಳಿದೆ.

ಕಿರಿಯರ ವಿಭಾಗದಲ್ಲಿ ಎರಡನೇ ಬಹುಮಾನ ಬಂತು. ಪೇಪರಿನಲ್ಲಿ ಫೋಟೋ ಬಂತು. ಅದರಲ್ಲಿ ಇವರು, ದೀಪೇಶ್, ಇವರ ಅಂಗಡಿಯ ಪಕ್ಕದವರು, ಎಲ್ಲರೂ ಇದ್ದಾರೆ. ನಾನು ಆಗ ಬಕೆಟ್ ತರಲು ಹೋಗಿದ್ದೆ.

ಆಮೇಲೆ ಮನೆಗೆ ಬರುವವರು ಹೆಚ್ಚಾದರು. ನಾನು ಚಾ ಮಾಡಿ ಕೊಟ್ಟೆ, ಬೊಟ್ಟುವಿನ ಬಗ್ಗೆ ಹೊಗಳಿ ಮಾತಾಡಿದರೆ ಬಾಗಿಲಿನ ಹತ್ತಿರ ನಿಂತು ಕೇಳಿದೆ. ಒಂದು ದಿನ ಊಟಕ್ಕೆ ಕುಳಿತಾಗ ಇವರು ಮೀನಿನ ಮುಳ್ಳು ಬಿಡಿಸುತ್ತ, "ಬೊಟ್ಟುವನ್ನು ಕೊಟ್ಟಾಯ್ತು" ಎಂದರು.

"ಯಾರಿಗೆ?"

"ಮೂಡುಬಿದಿರೆ ಕಡೆಯ ಧನರಾಜ್ ಅಂತ. ಒಳ್ಳೆ ಜನ. ಕೋಣಕ್ಕೆ ಈಜಲಿಕ್ಕೆ ಸ್ವಿಮ್ಮಿಂಗ್ ಪೂಲೇ ಉಂಟು ಅಲ್ಲಿ."

"ನನ್ನನ್ನು ಒಂದು ಮಾತು ಕೇಳ್ಬಹುದಿತ್ತಲ್ಲ."

ಇವರು ನಿಜಕ್ಕೂ ಆಶ್ಚರ್ಯದಿಂದ ನನ್ನನ್ನು ನೋಡಿದರು. "ನೀನೇ ಅಲ್ವಾ ದಿನಾ ಬೊಬ್ಬೆ ಹಾಕುವುದು, ಒಮ್ಮೆ ತೊಲಗಿದರೆ ಸಾಕು ಅಂತ? ನಿನ್ನ ತಲೆಬಿಸಿ ಕಡಿಮೆ ಆಗ್ಲಿ ಅಂತಲೇ ಕೊಟ್ಟದ್ದು."

ಇಂಥ ಮನುಷ್ಯನಿಗೆ ಎಂತ ಹೇಳುವುದು? ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ನನ್ನ ಬಾಯಿಂದ ಬಂದದ್ದನ್ನು ಅಕ್ಷರಕ್ಕೆ ಅಕ್ಷರ ನಂಬಿದ್ದು ಇದೊಂದೇ ಸಲ. ಕೋಣವನ್ನು ತಂದವರು ಅವರು, ಕೊಡುವುದೂ ಅವರಿಗೆ ಬಿಟ್ಟದ್ದು, ನಾನು ಜಗಳ ಮಾಡಲಿಲ್ಲ. ಬೊಟ್ಟು ಹೋದ. ಈಗ ಹಟ್ಟಿಯಲ್ಲಿ ಕಾಳ ಒಬ್ಬನೇ ಇದ್ದಾನೆ, ಇವರು ಮತ್ತೆ ಊರೂರು ಅಲೆಯುತ್ತಿದ್ದಾರೆ. ಮೊನ್ನೆ, "ಇನ್ನೊಂದು ಎಳೆ ಕೋಣ ನೋಡಿದ್ದೇನೆ. ಅದಕ್ಕೂ ಸ್ವಲ್ಪ ಹೆದರಿಕೆ ಉಂಟಂತೆ. ತೊಂದರೆ ಇಲ್ಲ, ನೀನು ಇದ್ದೀಯಲ್ಲ" ಎಂದರು. ಇನ್ನು ನಾನು ಹಟ್ಟಿಯ ಕಡೆ ಕಾಲಿಡುವುದಿಲ್ಲ ಎಂದು ಹೇಳಿದೆ. ಮಾರಿದ್ದಕ್ಕೆ ಸಿಟ್ಟು ಎಂದುಕೊಂಡು ಸಂಜೆ ಹಂಪನಕಟ್ಟೆಯಿಂದ ಗಡ್‌ಬಡ್ ಐಸ್‌ಕ್ರೀಮ್ ಕಟ್ಟಿಸಿಕೊಂಡು ಬಂದರು. ಬಸ್ಸಿನಲ್ಲಿ ಕರಗಿ ನೀರಾಗಿತ್ತು. ಕುಡಿದೆ.

ನೀನು ಹೇಗಿದ್ದೀ? ಮೊಣಕಾಲು ನೋವು ಎಂದಿದ್ದೆ, ತಣ್ಣನೆಯ ನೆಲದಲ್ಲಿ ಹೆಚ್ಚು ಹೊತ್ತು ಮಂಡಿಯೂರಬೇಡ. ನಿನ್ನ ದೇವರು ಅಷ್ಟಕ್ಕೆಲ್ಲ ಸಿಟ್ಟು ಮಾಡುವವನಲ್ಲ ಎಂದು ನೀನೇ ಹೇಳುತ್ತಿದ್ದೆ. ನಮ್ಮ ಮನೆದೈವ ನಿನ್ನನ್ನೂ ಕಾಯಲಿ. ನಿನ್ನ ಪ್ರಾರ್ಥನೆಯಲ್ಲಿ ಅನುಷ್ಕಾಳ ಹೆಸರು ಹೇಳು, ಜಾಗವಿದ್ದರೆ ಒಂದು ಕೋಣದ ಹೆಸರೂ ಇರಲಿ.

ನಿನ್ನ
ಹೇಮಾಕ್ಷಿ

ತಾ.ಕ.: ಲಕೋಟೆಗೆ ಅಂಟು ಹಾಕಿ ಆಗಿತ್ತು, ಮತ್ತೆ ಬಿಚ್ಚಿದೆ. ಹಟ್ಟಿಗೆ ಕಾಲಿಡುವುದಿಲ್ಲ ಎಂದದ್ದು ಯಾಕೆಂದು ಇವರಿಗೆ ಹೇಳಲಿಲ್ಲ, ನಿನಗೂ ಹೇಳದಿದ್ದರೆ ಈ ಪತ್ರ ಬರೆದು ಪ್ರಯೋಜನವಿಲ್ಲ.

ಬೊಟ್ಟುವನ್ನು ಕೊಂಡುಹೋಗಲು ಬೆಳಿಗ್ಗೆ ಲಾರಿ ಬಂತು. ನಾನು ಅಡುಗೆಮನೆಯಿಂದ ಹೊರಗೆ ಬರುವುದಿಲ್ಲ ಎಂದು ನಿಶ್ಚಯಿಸಿದ್ದೆ. ಲಾರಿಗೆ ಹತ್ತಲು ಇಟ್ಟ ಹಲಗೆಯನ್ನು ನೋಡಿ ಅವನು ಮೊದಲಿನ ಹಾಗೆ ಗಾಬರಿಯಾದ. ಕಾಲು ಜಾರಿ ಬಿದ್ದ ಸದ್ದು ಕೇಳಿಸಿತು. ಬಂದವರಲ್ಲಿ ಒಬ್ಬ ಕೋಲು ತೆಗೆದ, ದೀಪೇಶ್ ಅವನ ಮೇಲೆ ಜೋರು ಮಾಡುತ್ತಿದ್ದ. ಆಗ ಇವರು ಬಾಗಿಲಿಗೆ ಬಂದು, "ಹೇಮಾ, ಸ್ವಲ್ಪ ಬಾ. ನೀನು ಎರಡು ಮಾತು ಹೇಳಿದ್ರೆ ಹತ್ತುತ್ತಾನೆ" ಎಂದರು.

ನಾನು ಹೋಗದಿದ್ದರೆ ಹೊಡೆದು ಹತ್ತಿಸುತ್ತಿದ್ದರು. ಆದ್ದರಿಂದ ಹೋದೆ. ನಾನೇ ಮೊದಲು ಹಲಗೆ ಹತ್ತಿ ಲಾರಿಯೊಳಗೆ ನಿಂತು, ಬಾ, ನಿನ್ನಿಂದಾಗಿ ಒಂದು ದಿನವೂ ನೆಮ್ಮದಿ ಇಲ್ಲ ಎಂದು ಬೈದೆ. ಅವನು ಒಂದೊಂದೇ ಕಾಲಿಟ್ಟು ನನ್ನ ಹಿಂದೆ ಒಳಗೆ ಬಂದ. ಸೆರಗಿಗೆ ಮೂಗು ತಾಗಿಸಿ ನಿಂತ. ಅವರು ಹಗ್ಗ ಕಟ್ಟಿ ಮುಗಿಸುವವರೆಗೂ ನಾನು ಮಾತಾಡುತ್ತಲೇ ಇದ್ದೆ.

ಆಮೇಲೆ ಅವನ ಹೊಟ್ಟೆಗೂ ಲಾರಿಯ ಬದಿಯ ಹಲಗೆಗೂ ನಡುವೆ ನುಸುಳಿ ಹಿಂದಿನಿಂದ ಇಳಿದೆ. ಅವನಿಗೆ ತಿರುಗಲು ಜಾಗವಿರಲಿಲ್ಲ. ನಾನು ಲಾರಿಯಲ್ಲೇ ಹಿಂದೆ ಇದ್ದೇನೆ ಎಂದುಕೊಂಡು ಮುಂದೆ ನೋಡುತ್ತ ನಿಂತಿದ್ದ. ಲಾರಿ ಹೊರಟಾಗ ಒಮ್ಮೆಯೂ ಕೂಗಲಿಲ್ಲ. ಪಾಪದ ಕೋಣ, ಎಷ್ಟು ಸಮಾಧಾನದಲ್ಲಿ ಹೋಗ್ತಾ ಉಂಟು ನೋಡಿ ಎಂದು ಎಲ್ಲರೂ ಹೇಳಿದರು.